ಗ್ಯಾಸಿಗೆ 40, ಮಾವಿನ ಜ್ಯೂಸಿಗೆ 5

ಗ್ಯಾಸ್ ಇರೋ 10 ರೂಪಾಯಿ ಕೂಲ್ ಡ್ರಿಂಕ್ ಬಾಟ್ಲಲ್ಲಿ ಟ್ಯಾಕ್ಸ್ ಎಷ್ಟಿದೆ ಅಂತ ಯಾವತ್ತಾದ್ರೂ ಲೆಕ್ಕ ಹಾಕಿದೀರಾ? ಜಿಎಸ್‌ಟಿ ಶೇಕಡ 40, ಅದು ಎಂಆರ್‌ಪಿ ಒಳಗೇ ಸೇರಿರತ್ತೆ, ಹಾಗಾಗಿ 140ರಲ್ಲಿ 40ರ ಪಾಲು ಅಂತ ತೆಗೆದ್ರೆ 10 ರೂಪಾಯಿಗೆ ಹೆಚ್ಚುಕಮ್ಮಿ 2 ರೂಪಾಯಿ 85 ಪೈಸೆ ಆಗತ್ತೆ. ಪಕ್ಕದಲ್ಲೇ ಇರೋ ಮಾವಿನ ಜ್ಯೂಸ್ ಪ್ಯಾಕೆಟ್ಟಿಗೂ 10 ರೂಪಾಯಿ ಅಂತಾನೇ ಇಟ್ಕೊಳ್ಳಿ, ಅದರಲ್ಲಿ ಟ್ಯಾಕ್ಸು 48 ಪೈಸೆ. ಈಗ ಎರಡನ್ನೂ ಹಿಂದಕ್ಕೆ ತಿರುಗಿಸಿ ಸಣ್ಣಕ್ಷರದಲ್ಲಿ ಬರೆದಿರೋ ಟೇಬಲ್ ಓದಿ. ಕೋಲಾದಲ್ಲಿ 100 ಎಂಎಲ್‌ಗೆ ಹತ್ತೂವರೆ ಹನ್ನೊಂದು ಗ್ರಾಂ ಸಕ್ಕರೆ, ಮಾವಿನ ಡ್ರಿಂಕಲ್ಲಿ ಕೆಲವಕ್ಕೆ 12, ಕೆಲವಕ್ಕೆ 14ರ ಹತ್ರ ಹತ್ರ. ಸಕ್ಕರೆ ಜಾಸ್ತಿ ಇರೋದಕ್ಕೆ ಟ್ಯಾಕ್ಸ್ ಕಮ್ಮಿ, ಕಮ್ಮಿ ಇರೋದಕ್ಕೆ ಆರು ಪಟ್ಟು. ಕುಡಿಯೋ ಹುಡುಗನಿಗೆ ಎರಡೂ 10 ರೂಪಾಯಿನೇ.

ನಾನು ಕೋಲಾರದಲ್ಲಿ ಪಿಯುಸಿ ಮಕ್ಕಳಿಗೆ ಎಕನಾಮಿಕ್ಸ್ ಹೇಳ್ಕೊಡೋನು. ರೇಟು ಏರಿದ್ರೆ ಬೇಡಿಕೆ ಎಷ್ಟು ಇಳಿಯತ್ತೆ ಅನ್ನೋ ಪಾಠ ಬಂದಾಗ ಪುಸ್ತಕದ ಉಪ್ಪಿನ ಉದಾಹರಣೆ ಪಕ್ಕಕ್ಕಿಟ್ಟು ಕೂಲ್ ಡ್ರಿಂಕ್ಸ್ ತಗೋತೀನಿ, ಯಾಕಂದ್ರೆ ಉಪ್ಪಿನ ರೇಟು ಆ ಮಕ್ಕಳಿಗೆ ಗೊತ್ತೇ ಇರಲ್ಲ, ಬಾಟ್ಲು ರೇಟು ಎಂಎಲ್ ಸಮೇತ ಬಾಯಿಪಾಠ ಇರತ್ತೆ. ಹಂಗೆ ಶುರುವಾದ ತಲೆನೋವು ಇದು. ಇನ್ನೊಂದು ಕಾರಣ ನಮ್ಮಕ್ಕ. ಶ್ರೀನಿವಾಸಪುರದ ಕಡೆ ಒಂದು ಹಳ್ಳೀಲಿ ಪ್ರಾವಿಷನ್ ಸ್ಟೋರ್ ಇಟ್ಕೊಂಡಿದಾಳೆ, ರಜಾದಲ್ಲಿ ಅಲ್ಲಿಗೆ ಹೋದ್ರೆ ನನ್ನನ್ನ ಗಲ್ಲಾದಲ್ಲಿ ಕೂರಿಸಿ ಅವಳು ಅಡುಗೆಗೆ ಹೋಗ್ತಾಳೆ. ಗಲ್ಲಾದಲ್ಲಿ ಕೂತ್ರೆ ಒಂದೊಂದು ಮನೆ ಏನು ತಿನ್ನತ್ತೆ, ಏನು ಕುಡಿಯತ್ತೆ ಅಂತ ತಾನಾಗೇ ಗೊತ್ತಾಗತ್ತೆ, ಸ್ವಲ್ಪ ಮುಜುಗರನೂ ಆಗತ್ತೆ.

ಅಕ್ಕನ ಅಂಗಡೀಲಿ ಉದ್ರಿ ಖಾತೆ ಪುಸ್ತಕ ಇದೆ. ಹಾಲಿನ ಡೇರಿ ಬಟವಾಡೆ ಬಂದಾಗ, ಟೊಮೆಟೊ ದುಡ್ಡು ಬಂದಾಗ, ಇಲ್ಲಾ ತಿಂಗಳ ಕೂಲಿ ಸಿಕ್ಕಾಗ ಚುಕ್ತಾ ಮಾಡೋ ಮನೆಗಳು. ಒಂದೊಂದು ಮನೆಗೆ ಒಂದೊಂದು ಪುಟ. ಅಕ್ಕಿ, ಬೇಳೆ, ಎಣ್ಣೆ, ಸೋಪು, ಟೀಪುಡಿ, ಸಕ್ಕರೆ 1 ಕೆಜಿ, ಮತ್ತೆ ಸಕ್ಕರೆ 1 ಕೆಜಿ. ಕೂಲ್ ಡ್ರಿಂಕ್ಸ್ ಅಪರೂಪ. ಬಂದ್ರೆ ದೊಡ್ಡ ಬಾಟ್ಲೇ, ಎರಡು ಲೀಟರ್, ಎರಡೂಕಾಲು ಲೀಟರ್, ಅದೂ ತಾರೀಕು ನೋಡಿದ್ರೆ ಕಾರಣ ಹೇಳಿಬಿಡಬಹುದು: ಯುಗಾದಿ ಮಾರನೇ ದಿನ ವರ್ಷತೊಡಕಿನ ಬಾಡೂಟ, ಬೀಗರು ಬಂದಿದ್ದು, ಮಗುವಿಗೆ ನಾಮಕರಣ, ಮಹಾಲಯ ಅಮಾವಾಸ್ಯೆ. ಅಮಾವಾಸ್ಯೆ ಯಾಕೆ ಅಂತ ಬೆಂಗಳೂರಿನೋರು ಕೇಳಬಹುದು. ಹಿರಿಯರ ಎಡೆಗೆ ಅವರು ಇಷ್ಟಪಡ್ತಿದ್ದುದನ್ನ ಇಡಬೇಕಲ್ಲ, ನಮ್ಮ ಕಡೆ ವಡೆ ಪಾಯಸದ ಪಕ್ಕ ಬೀಡಿ ಇರತ್ತೆ, ಕ್ವಾರ್ಟರ್ ಇರತ್ತೆ, ಕಪ್ಪು ಕೋಲಾ ಬಾಟ್ಲೂ ಇರತ್ತೆ. ಶುಗರ್ ಅಂತ ಬದುಕಿದ್ದಾಗ ಮುಟ್ಟೋಕೆ ಬಿಡದೇ ಇದ್ದ ಬಾಟ್ಲನ್ನ ಫೋಟೊ ಮುಂದೆ ಮುಚ್ಚಳ ತೆಗೆದು ಇಡ್ತಾರೆ.

ಆ ಎರಡೂಕಾಲು ಲೀಟರ್ ಬಾಟ್ಲಲ್ಲಿ ಹತ್ರ ಹತ್ರ ಕಾಲು ಕೆಜಿ ಸಕ್ಕರೆ ಇರತ್ತೆ. ಇದನ್ನ ಅಕ್ಕನಿಗೆ ಹೇಳ್ದಾಗ ಅವಳು ಮೊದಲು ಕೇಳಿದ್ದು, "ಕಾಲ್ ಕೆಜಿ ಸಕ್ಕರೆ ನಾನು ಹನ್ನೆರಡು ರೂಪಾಯಿಗೆ ಕೊಡ್ತೀನಲ್ಲೋ, ಮಿಕ್ಕಿದ್ದು ಯಾವುದಕ್ಕೆ ದುಡ್ಡು?" ಅಂಗಡಿಯೋರ ತಲೆ ಹಂಗೇ ಓಡೋದು.

ಆದ್ರೆ ನಿಜವಾದ ವ್ಯಾಪಾರ ಖಾತೇಲಿ ಇಲ್ಲ. ಸಂಜೆ ನಾಲ್ಕರ ಮೇಲೆ ಸ್ಕೂಲು ಬಿಟ್ಟ ಮಕ್ಕಳು ತರೋ 10 ರೂಪಾಯಿ ನಾಣ್ಯ, ತೋಟದ ಕೆಲಸ ಮುಗಿಸಿ ಬಂದೋರು ಬೈಕ್ ನಿಲ್ಲಿಸಿ ನಿಂತಲ್ಲೇ ಕುಡಿದು ಬಾಟ್ಲು ಎಸೆದು ಹೋಗೋದು, ಇವೆಲ್ಲ ನಗದು. (ಈ 10 ರೂಪಾಯಿ ನಾಣ್ಯಾನ ಕೆಲವು ವರ್ಷ ನಮ್ಮ ಕಡೆ ಯಾರೂ ಮುಟ್ತಾ ಇರಲಿಲ್ಲ, ನಡೆಯಲ್ಲ ಅಂತ ಯಾರೋ ಹಬ್ಬಿಸಿದ್ರು, ರಿಸರ್ವ್ ಬ್ಯಾಂಕ್ ಎಷ್ಟು ಹೇಳಿದ್ರೂ ಕೇಳಲಿಲ್ಲ. ಈಗ ಆ ನಾಣ್ಯ ಜಾಸ್ತಿ ಓಡಾಡೋದೇ ಫ್ರಿಡ್ಜ್ ಮುಂದೆ ಅನ್ಸತ್ತೆ.) ಮನೆ ಯಜಮಾನಿ ಬರೆಸಿದ ಪುಟದಲ್ಲಿ ಈ ಬಾಟ್ಲುಗಳಿಲ್ಲ, ಅವರಿಗೆ ಗೊತ್ತೂ ಇರಲ್ಲ. "ನಮ್ಮನೇಲಿ ಅದೆಲ್ಲ ತರಲ್ಲ ಕಣಪ್ಪ, ನೆಂಟರು ಬಂದ್ರೆ ಅಷ್ಟೇ" ಅಂತಾರೆ. ಸುಳ್ಳಲ್ಲ ಅದು. ಮನೆಗೆ ತಂದಿಲ್ಲ, ಅಂಗಡಿ ಮುಂದೇನೇ ಖಾಲಿಯಾಗಿದೆ.

ದೇಶದ ಲೆಕ್ಕದಲ್ಲೂ ಇದೇ ತೊಡಕು ಇದೆ ಅನ್ಸತ್ತೆ ನಂಗೆ. ಸರ್ಕಾರದ ಗೃಹ ಬಳಕೆ ವೆಚ್ಚ ಸಮೀಕ್ಷೆ, 2023-24ರದ್ದು, ಅದರಲ್ಲಿ ಪಾನೀಯ, ತಿಂಡಿ, ರೆಡಿಮೇಡ್ ಆಹಾರ ಎಲ್ಲ ಸೇರಿಸಿದ ಬಾಬ್ತಿಗೆ ಹಳ್ಳಿ ಮನೆ ಖರ್ಚಲ್ಲಿ ಶೇಕಡ 9.84, ಪಟ್ಟಣದಲ್ಲಿ 11.09 ಹೋಗ್ತಿದೆ. ಊಟದ ಬಾಬ್ತುಗಳಲ್ಲೇ ಅದು ಎಲ್ಲಕ್ಕಿಂತ ದೊಡ್ಡದು, ಹಾಲಿಗಿಂತ, ತರಕಾರಿಗಿಂತ ಜಾಸ್ತಿ. ಪೇಪರಲ್ಲಿ ಬರೋ ಆ ಒಂದು ಸಾಲಲ್ಲಿ ಹೋಟೆಲ್ ಟೀ, ಬಿಸ್ಕತ್ತು, ಚಿಪ್ಸು, ಕೋಲಾ ಎಲ್ಲ ಒಟ್ಟಿಗೆ. ಬಿಡಿಸಿ ನೋಡೋಕೆ ಒಳಗಿನ ಅಂಕಿಅಂಶಕ್ಕೆ ಇಳೀಬೇಕು, ಅಲ್ಲೂ ಕೂಡ ಉತ್ತರ ಕೊಟ್ಟಿರೋದು ಮನೇಲಿ ಸಿಕ್ಕಿದ ಒಬ್ಬರು. ಹುಡುಗ ಟ್ಯೂಷನ್ನಿಂದ ಬರ್ತಾ ಕುಡಿದದ್ದು ಅವರ ಬಾಯಲ್ಲಿ ಹೆಂಗೆ ಬರತ್ತೆ?

ಇದನ್ನ ಇಷ್ಟು ಎಳೀತಿರೋದು ಯಾಕಂದ್ರೆ ಸಕ್ಕರೆ ಪಾನೀಯದ ಮೇಲೆ ಟ್ಯಾಕ್ಸ್ ಹಾಕಿದ್ರೆ ಜನ ಕಮ್ಮಿ ಕುಡೀತಾರಾ ಅನ್ನೋ ಪ್ರಶ್ನೆಗೆ ಜಗತ್ತಲ್ಲಿ ಸಿಕ್ಕಿರೋ ಒಳ್ಳೇ ಉತ್ತರಗಳಲ್ಲಿ ತುಂಬಾನೇ ಮನೆಗಳ ಖರೀದಿ ಲೆಕ್ಕದಿಂದಾನೇ ಬಂದಿರೋದು. ಮೆಕ್ಸಿಕೊ 2014ರ ಜನವರಿ 1ರಿಂದ ಲೀಟರಿಗೆ 1 ಪೆಸೊ ತೆರಿಗೆ ಹಾಕ್ತು, ಬೆಲೆ ಲೆಕ್ಕದಲ್ಲಿ ಸುಮಾರು ಶೇಕಡ 10. ಅಲ್ಲಿ ಸಾವಿರಾರು ಮನೆಗಳು ಏನೇನು ತಂದ್ವು ಅಂತ ಬರೆದಿಡೋ ಪ್ಯಾನೆಲ್ ಇತ್ತು, ಅದನ್ನ ಹಿಡ್ಕೊಂಡು ನೋಡಿದ್ರೆ ಮೊದಲ ವರ್ಷ ಸರಾಸರಿ ಶೇಕಡ 6 ಇಳಿಕೆ, ಡಿಸೆಂಬರ್ ಹೊತ್ತಿಗೆ 12. ಬಡವರ ಮನೆಗಳಲ್ಲಿ ಡಿಸೆಂಬರಿಗೆ 17. ಎರಡನೇ ವರ್ಷ ಮತ್ತೂ ಇಳೀತು. ಜನ ಎರಡು ದಿನ ಬೈಕೊಂಡು ಆಮೇಲೆ ಹಳೇ ಚಾಳಿಗೆ ವಾಪಸ್ ಹೋಗ್ತಾರೆ ಅಂತ ಕಂಪ್ನಿಯೋರು ಹೇಳ್ತಾ ಇದ್ದದ್ದು ಹಂಗಾಗಲಿಲ್ಲ.

ಬಡವರ ಮೇಲೆ ಭಾರ ಅನ್ನೋ ಮಾತು ಕ್ಲಾಸಲ್ಲಿ ಪ್ರತಿ ವರ್ಷ ಬರತ್ತೆ, ಬರಲೇಬೇಕು. ನಾನು ಹೇಳೋದು ಇಷ್ಟು: ಬಿಟ್ಟೋರಿಗೆ ಭಾರ ಇಲ್ಲ, ಶುಗರ್ ಬಂದ್ಮೇಲೆ ತಿಂಗಳು ತಿಂಗಳು ಮಾತ್ರೆ ತಗೊಳ್ಳೋದು ಯಾರಿಗೆ ಭಾರ ಅಂತ ಕೋಲಾರದ ಯಾವ ಮೆಡಿಕಲ್ ಸ್ಟೋರಲ್ಲಾದ್ರೂ ಹೋಗಿ ಕೇಳಿ. ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನೋರ ದೊಡ್ಡ ಅಧ್ಯಯನ 2023ರಲ್ಲಿ ಬಂತಲ್ಲ, ದೇಶದಲ್ಲಿ 10 ಕೋಟಿ 10 ಲಕ್ಷ ಜನಕ್ಕೆ ಡಯಾಬಿಟಿಸ್, ಇನ್ನೂ 13 ಕೋಟಿ 60 ಲಕ್ಷ ಜನ ಅಂಚಲ್ಲಿದಾರೆ ಅಂತ.

ಹಂಗಂತ ಇದೆಲ್ಲ ಕೂಲ್ ಡ್ರಿಂಕ್ಸಿಂದಾನೇ ಬಂತು ಅಂತ ನಾನು ಹೇಳಲ್ಲ, ಹೇಳಿದ್ರೆ ಅದು ಅನ್ಯಾಯ. ನಮ್ಮೋರಿಗೆ ಸಕ್ಕರೆ ಹೋಗೋದು ಮುಖ್ಯವಾಗಿ ಟೀ ಕಾಫೀಲಿ, ಸ್ವೀಟಲ್ಲಿ, ಅದರ ಮೇಲೆ ಮೂರು ಹೊತ್ತು ಬಿಳಿ ಅನ್ನ. ಮೆಕ್ಸಿಕೊದೋರು ಕುಡಿಯೋ ಲೆಕ್ಕಕ್ಕೆ ನಾವು ಹತ್ರಾನೂ ಇಲ್ಲ. ಆದ್ರೆ ಮನೆ ಸಕ್ಕರೆ ಕಣ್ಣಿಗೆ ಕಾಣತ್ತೆ, ಡಬ್ಬ ಖಾಲಿಯಾದ್ರೆ ಅತ್ತೆ ಕೇಳ್ತಾರೆ, ಡಾಕ್ಟ್ರು ಬೇಡ ಅಂದ್ರೆ ಅರ್ಧ ಚಮಚ ಆಗತ್ತೆ. ಬಾಟ್ಲು ಸಕ್ಕರೆಗೆ ಆ ಕಾವಲು ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡೋರಿಗೆ ದಿನಕ್ಕೆ 50 ಗ್ರಾಂ ದಾಟಬಾರದು, 25ರ ಒಳಗಿದ್ರೆ ಇನ್ನೂ ಒಳ್ಳೇದು ಅನ್ನತ್ತೆ. 200 ಎಂಎಲ್ ಪುಟಾಣಿ ಬಾಟ್ಲಲ್ಲೇ 21 ಗ್ರಾಂ ಹೋಯ್ತು, ಇನ್ನು ಬೆಳಗಿನ ಕಾಫಿ ಲೆಕ್ಕಕ್ಕೇ ಹಿಡಿದಿಲ್ಲ.

ಸರಿ, ಮೆಕ್ಸಿಕೊದಲ್ಲಿ ಆಯ್ತು, ನಮ್ಮಲ್ಲಿ 2017ರ ಜುಲೈಯಿಂದಾನೇ ಸೋಡಾ ಕೋಲಾಗೆ 28 ಪ್ಲಸ್ 12 ಸೆಸ್, ಒಟ್ಟು 40 ಇದೆಯಲ್ಲ, ಅವರ ನಾಲ್ಕು ಪಟ್ಟು. ಯಾಕೆ ಇಳೀಲಿಲ್ಲ? ಇದಕ್ಕೆ ನಂಗೆ ಅಂಗಡೀಲಿ ಕೂತು ಹೊಳೆದಿದ್ದು, ತಪ್ಪಿದ್ರೆ ಬಲ್ಲೋರು ಹೇಳಿ. ಮೆಕ್ಸಿಕೊದಲ್ಲಿ ತೆರಿಗೆ ಬಂದ ದಿನ ಬಾಟ್ಲು ರೇಟು ಏರ್ತು, ತಗೊಳ್ಳೋ ಕೈಗೆ ಅದು ತಟ್ಟಿತು. ನಮ್ಮಲ್ಲಿ ರೇಟು ಏರಲ್ಲ. ರೇಟು ಅನ್ನೋದು 10 ಇಲ್ಲಾ 20, ನಾಣ್ಯ ಇಲ್ಲಾ ನೋಟು, ಅದು ಮೊದಲು ತೀರ್ಮಾನ ಆಗತ್ತೆ, ಆಮೇಲೆ ಅದರೊಳಗೆ ಎಷ್ಟು ಎಂಎಲ್ ತುಂಬಿಸಬೇಕು, ಅಂಗಡಿಯೋನಿಗೆ ಎಷ್ಟು ಬಿಡಬೇಕು ಅಂತ ಕಂಪ್ನಿಯೋರು ಕೂತು ಲೆಕ್ಕ ಹಾಕ್ತಾರೆ. 2003ರ ಸುಮಾರಿಗೆ ಕೋಕಾಕೋಲಾದೋರು 200 ಎಂಎಲ್ ಗಾಜಿನ ಬಾಟ್ಲನ್ನ 5 ರೂಪಾಯಿಗೆ ಇಟ್ರಲ್ಲ, ಟೀವಿ ತುಂಬಾ ಅದೇ ಜಾಹೀರಾತು, ಹಳ್ಳಿಗೆ ಕೋಲಾ ಬಂದಿದ್ದೇ ಆವಾಗ. ಈಗ 2023ರಲ್ಲಿ ರಿಲಯನ್ಸ್‌ನೋರು ಹಳೇ ಕ್ಯಾಂಪಾನ ಎಬ್ಬಿಸಿ 200 ಎಂಎಲ್‌ಗೆ 10 ರೂಪಾಯಿ ಅಂತ ಬಿಟ್ರು, ಮಿಕ್ಕ ಕಂಪ್ನಿಗಳೂ ಸಣ್ಣ ಬಾಟ್ಲು ಹಿಡ್ಕೊಂಡು ಹಿಂದೆ ಓಡಿದ್ವು. ಇಪ್ಪತ್ತು ವರ್ಷದಲ್ಲಿ ಅಕ್ಕಿ ಬೇಳೆ ಎಲ್ಲೆಲ್ಲಿಗೋ ಹೋಯ್ತು, ಪುಟಾಣಿ ಕೋಲಾ 5ರಿಂದ 10ಕ್ಕೆ ಬಂದಿದೆ, ಅದೂ ಶೇಕಡ 40 ಟ್ಯಾಕ್ಸ್ ಹೊತ್ಕೊಂಡು.

ಇನ್ನೊಂದು ತಮಾಷೆ ನೋಡಿ. ಬಸ್ ಸ್ಟ್ಯಾಂಡ್, ಟೋಲು, ಜಾತ್ರೆ ಕಡೆ ಅಂಗಡಿಗಳಲ್ಲಿ ಕೂಲಿಂಗ್ ಚಾರ್ಜ್ ಅಂತ ಎಂಆರ್‌ಪಿ ಮೇಲೆ 2 ರೂಪಾಯಿ, 5 ರೂಪಾಯಿ ಕೇಳ್ತಾರೆ. ಎಂಆರ್‌ಪಿ ಮೀರಿ ತಗೊಳ್ಳೋ ಹಂಗಿಲ್ಲ, ಆದ್ರೂ ಏಪ್ರಿಲ್ ಬಿಸಿಲಲ್ಲಿ ಯಾರೂ ಜಗಳ ಆಡಲ್ಲ, ಕೊಟ್ಟು ಕುಡೀತಾರೆ. ಅದೇ ಜನ ಊರಿನ ಅಂಗಡೀಲಿ 10ರ ಬಾಟ್ಲಿಗೆ 11 ಕೇಳಿದ್ರೆ ಬಾಟ್ಲು ಇಟ್ಟು ಹೋಗ್ತಾರೆ, ಅಕ್ಕನೇ ಹೇಳಿದ್ದು. ಬಾಯಾರಿಕೇಲಿ ಕೊಳ್ಳೋದಕ್ಕೂ ಖಯಾಲಿಗೆ ಕೊಳ್ಳೋದಕ್ಕೂ ಬೇಡಿಕೆ ಬೇರೆ ಬೇರೆ ಥರ ಬಾಗತ್ತೆ, ನಾನು ಬೋರ್ಡ್ ಮೇಲೆ ಎಳೆಯೋ ಒಂದೇ ಗೆರೇಲಿ ಅದು ಬರಲ್ಲ.

ಬ್ರಿಟನ್ನಿನೋರು ಬೇರೆ ದಾರಿ ಹಿಡಿದ್ರು, ನಂಗೆ ಅದೇ ಹಿಡಿಸಿದ್ದು. 2016ರ ಮಾರ್ಚಲ್ಲಿ ಘೋಷಣೆ ಮಾಡಿ 2018ರ ಏಪ್ರಿಲಿಂದ ಜಾರಿ, ಮಧ್ಯ ಎರಡು ವರ್ಷ ಟೈಮು. 100 ಎಂಎಲ್‌ಗೆ 5 ಗ್ರಾಂ ಸಕ್ಕರೆಗಿಂತ ಕಮ್ಮಿ ಇದ್ರೆ ತೆರಿಗೆನೇ ಇಲ್ಲ, 5ರಿಂದ 8ರವರೆಗೆ ಶುರುವಲ್ಲಿ ಲೀಟರಿಗೆ 18 ಪೆನ್ಸ್ ಇತ್ತು, 8 ಮುಟ್ಟಿದ್ರೆ 24. ಕುಡಿಯೋರಿಗೆ ಬುದ್ಧಿ ಹೇಳೋ ಬದಲು ತಯಾರು ಮಾಡೋರಿಗೆ ಗ್ರಾಂ ಲೆಕ್ಕದಲ್ಲಿ ಮಾತಾಡಿದ್ರು. ಆ ಎರಡು ವರ್ಷದಲ್ಲಿ ಎಷ್ಟೋ ಕಂಪ್ನಿಗಳು 5ರ ಕೆಳಗೆ ಇಳಿದುಬಿಟ್ವು. ಜಾರಿಯಾಗಿ ಒಂದು ವರ್ಷದ ಮೇಲೆ ಅಲ್ಲಿನ ಮನೆಗಳ ಖರೀದಿ ಲೆಕ್ಕ ತೆಗೆದು ನೋಡಿದಾಗ, ಮನೆಗೆ ಬರ್ತಿದ್ದ ಪಾನೀಯದ ಲೀಟರು ಏನೂ ಬದಲಾಗಿರಲಿಲ್ಲ, ಅದರೊಳಗಿನ ಸಕ್ಕರೆ ಮಾತ್ರ ಮನೆಗೆ ವಾರಕ್ಕೆ 30 ಗ್ರಾಂ ಇಳಿದಿತ್ತು, ಸುಮಾರು ಶೇಕಡ 10. ಅಂದ್ರೆ ಜನ ಅಷ್ಟೇ ಕುಡಿದ್ರು, ಯಾರೂ ಏನೂ ಬಿಡಲಿಲ್ಲ, ಆದ್ರೂ ಸಕ್ಕರೆ ಇಳೀತು. ಅಕ್ಕನ ಅಂಗಡಿಗೆ ಬರೋ ಗಿರಾಕಿಗಳನ್ನ ನೋಡಿರೋ ನಂಗೆ ಇದು ದೊಡ್ಡ ಸಮಾಧಾನ, ಯಾಕಂದ್ರೆ ಇವರನ್ನ ಬಿಡಿಸೋಕೆ ಆ ಬ್ರಹ್ಮನೂ ಬರಬೇಕು.

ನಮ್ಮ 40ರಲ್ಲಿ ಈ ಗುಣ ಇಲ್ಲವೇ ಇಲ್ಲ. ಸಕ್ಕರೆ ತುಂಬಿದ ಕೋಲಾಗೂ 40, ಸಕ್ಕರೆ ಇಲ್ಲದ ಡಯಟ್ ಕೋಲಾಗೂ 40. ಸಕ್ಕರೆ ಅರ್ಧಕ್ಕಿಳಿಸಿದ ಕಂಪ್ನಿಗೆ ತೆರಿಗೇಲಿ ಒಂದು ಪೈಸೆ ಉಳಿಯಲ್ಲ. (ಡಯಟ್ ಬಾಟ್ಲು ಒಳ್ಳೇದು ಅಂತ ನಾನು ಹೇಳ್ತಿಲ್ಲ, ಕೃತಕ ಸಿಹಿ ತಗೊಂಡು ತೂಕ ಇಳಿಸ್ತೀನಿ ಅನ್ನೋದು ಬೇಡ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆನೇ ಹೇಳಿದೆ.) ಮೇಲಾಗಿ ಇದು ಬೆಲೆ ಮೇಲಿನ ಶೇಕಡಾವಾರು, ಅಂದ್ರೆ ಬೆಲೆ ಅಗ್ಗ ಆದಷ್ಟೂ ತೆರಿಗೆನೂ ಇಳಿಯತ್ತೆ, ಅಗ್ಗದ ಸಕ್ಕರೆ ನೀರಿಗೆ ಇದಕ್ಕಿಂತ ಅನುಕೂಲ ಬೇಕಾ? ಈ ತೆರಿಗೆ ಹುಟ್ಟಿದ್ದು ಐಷಾರಾಮಿ ಸಾಮಾನು ಅನ್ನೋ ಪಟ್ಟೀಲಿ, ಆರೋಗ್ಯ ಅನ್ನೋದು ಆಮೇಲೆ ಅಂಟಿಸಿದ ಚೀಟಿ.

2025ರ ಸೆಪ್ಟೆಂಬರ್ 22ರಿಂದ ಸ್ಲ್ಯಾಬ್ ಬದಲಾಯ್ತಲ್ಲ, ಆವಾಗ ಸೆಸ್ ತೆಗೆದು ನೇರ 40 ಮಾಡಿದ್ರು, ಕೋಲಾಗೆ ಹೋಗ್ತಾ ಇದ್ದದ್ದೂ ಅಷ್ಟೇ, ಬರ್ತಾ ಇರೋದೂ ಅಷ್ಟೇ. ಹಣ್ಣಿನ ರಸದ ಪಾನೀಯ, ಗ್ಯಾಸ್ ಇಲ್ಲದ್ದು, 12ರಿಂದ 5ಕ್ಕೆ ಇಳೀತು. ಬಾಟ್ಲು ನೀರೂ 18ರಿಂದ 5ಕ್ಕೆ ಬಂತು. ಇಲ್ಲಿ ಸ್ವಲ್ಪ ನಿಂತು ಓದಿ: ಅಲ್ಲಿವರೆಗೆ, ಎಂಟು ವರ್ಷ, ಸಕ್ಕರೆ ಹಾಕಿದ ಮಾವಿನ ನೀರಿಗೆ 12, ಬರೀ ನೀರಿಗೆ 18 ಇತ್ತು. ಫ್ಲೋರೈಡ್ ಇರೋ ಬೋರ್‌ವೆಲ್ ನೀರು ಕುಡಿದು ಹಲ್ಲು ಕಂದಾದ ಜಿಲ್ಲೆಯವರು ನಾವು, ಊರೂರಿಗೂ ಶುದ್ಧ ನೀರಿನ ಘಟಕ ಬಂದು 5 ರೂಪಾಯಿ ಕಾಯಿನ್ ಹಾಕಿ ಕ್ಯಾನ್ ಹಿಡಿಯೋದು ಕಲ್ತ್ಕೊಂಡಿದೀವಿ. ಮನೇಲಿ ಕ್ಯಾನ್ ಇದೆ, ಸರಿ. ಮನೆಯಿಂದ ಹೊರಗೆ ಬಿದ್ದೋನಿಗೆ ನಂಬಿಕೆಯಿಂದ ಕುಡಿಯೋಕೆ ನಲ್ಲಿ ಇಲ್ಲ, ಬಾಟ್ಲು ನೀರು 20ರ ಹತ್ರ, ಕೋಲಾ 10. ಬಾಯಾರಿದೋನು ಯಾವುದಕ್ಕೆ ಕೈ ಹಾಕ್ತಾನೆ ಹೇಳಿ. ಲೀಟರ್ ಲೆಕ್ಕ ತೆಗೆದು ನೀರೇ ಅಗ್ಗ ಅಂತ ಪಾಠ ಮಾಡೋಕೆ ಅವನು ನಿಲ್ಲಲ್ಲ.

ಜ್ಯೂಸಿಗೆ ನಮ್ಮ ಮನೆಗಳಲ್ಲಿ ಒಂದು ಮರ್ಯಾದೆ ಇದೆ, ಅದೇ ಕಷ್ಟ. ಕೋಲಾ ಕುಡಿದ್ರೆ ಅಮ್ಮ ಬೈತಾರೆ, ಜ್ಯೂಸ್ ಅಂದ್ರೆ ಅವರೇ ಕೊಡಿಸ್ತಾರೆ. ಆಸ್ಪತ್ರೆಗೆ ಯಾರನ್ನಾದ್ರೂ ನೋಡೋಕೆ ಹೋಗೋರ ಕೈಯಲ್ಲಿ ಬ್ರೆಡ್ಡು, ಮೂಸಂಬಿ, ಜ್ಯೂಸ್ ಬಾಟ್ಲು, ಒಳಗೆ ಮಲಗಿರೋರಿಗೆ ಶುಗರ್ ಇದ್ರೂನೂವೆ. ಮಗುವಿಗೆ ಭೇದಿ ಆದ್ರೆ ಓಆರ್‌ಎಸ್ ಅಂತ ಹೆಸರಿರೋ ಟೆಟ್ರಾ ಪ್ಯಾಕ್ ತಂದು ಕುಡಿಸ್ತಿದ್ರು, ಸೇಬಿನ ಫ್ಲೇವರು ಆರೆಂಜ್ ಫ್ಲೇವರು. ನಿಜವಾದ ಓಆರ್‌ಎಸ್ ಅಂದ್ರೆ ವಿಶ್ವ ಆರೋಗ್ಯ ಸಂಸ್ಥೆ ಸೂತ್ರ, ಲೀಟರಿಗೆ ಹದಿಮೂರೂವರೆ ಗ್ರಾಂ ಗ್ಲೂಕೋಸ್, ಜೊತೆಗೆ ಅಳತೆಗೆ ಉಪ್ಪಿನಂಶ. ಆ ಪ್ಯಾಕುಗಳಲ್ಲಿ ಸಕ್ಕರೆ ಅದರ ಎಷ್ಟೋ ಪಟ್ಟು, ಸಕ್ಕರೆ ಜಾಸ್ತಿಯಾದ್ರೆ ಭೇದಿ ಇನ್ನೂ ಜೋರಾಗತ್ತೆ. ಹೈದರಾಬಾದಿನ ಮಕ್ಕಳ ಡಾಕ್ಟ್ರು ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ಹಿಂದೆ ಬಿದ್ದು ಹೋರಾಡಿದ್ಮೇಲೆ 2025ರ ಅಕ್ಟೋಬರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆ ಹೆಸರು ಹಾಕ್ಕೊಳ್ಳೋ ಹಂಗಿಲ್ಲ ಅಂತ ಆರ್ಡರ್ ಹೊರಡಿಸ್ತು. ಆಶಾ ಕಾರ್ಯಕರ್ತೆ ಹತ್ರ ಪುಕ್ಕಟೆ ಸಿಗೋ ಪುಡಿ ಬಿಟ್ಟು ಜನ ದುಡ್ಡು ಕೊಟ್ಟು ಅದನ್ನ ತಗೋತಿದ್ರು ಅಂದ್ರೆ ಹೆಸರಿಗೆ, ಚಿತ್ರಕ್ಕೆ ಎಷ್ಟು ಬೆಲೆ ಇದೆ ಅಂತ ಗೊತ್ತಾಗತ್ತೆ.

ಹೆಸರು, ಚಿತ್ರ ಅಂದಾಗ ಚಿಲಿ ದೇಶದ್ದು ಹೇಳಬೇಕು. 2016ರ ಜೂನಿಂದ ಅಲ್ಲಿ ಸಕ್ಕರೆ ಮಿತಿ ದಾಟಿದ ಪ್ಯಾಕೆಟ್ ಮುಂದೆ ದಪ್ಪಕ್ಕೆ ಕಪ್ಪು ಎಂಟು ಮೂಲೆ ಮುದ್ರೆ ಒತ್ತಬೇಕು, ಅಂಥದ್ದನ್ನ ಶಾಲೇಲಿ ಮಾರೋ ಹಂಗಿಲ್ಲ, ಮಕ್ಕಳಿಗೆ ಜಾಹೀರಾತು ತೋರಿಸೋ ಹಂಗಿಲ್ಲ. ಅಲ್ಲೂ ಮನೆಗಳ ಖರೀದಿ ಲೆಕ್ಕ ನೋಡಿದ್ರು, ಮುದ್ರೆ ಬಿದ್ದ ಪಾನೀಯಗಳ ಖರೀದಿ ಶೇಕಡ 23.7 ಇಳಿದಿತ್ತು. ಓದು ಬಾರದ ಅಜ್ಜಿಗೂ ಕಪ್ಪು ಮುದ್ರೆ ಅರ್ಥ ಆಗತ್ತೆ. ನಮ್ಮಲ್ಲಿ ಎಫ್‌ಎಸ್‌ಎಸ್‌ಎಐನೋರು 2022ರ ಕರಡು ನಿಯಮದಲ್ಲಿ ಪ್ಯಾಕೆಟ್ಟಿಗೆ ನಕ್ಷತ್ರ ಕೊಡೋ ಪದ್ಧತಿ ತಂದಿದ್ರು, ಹೋಟೆಲ್ ರೇಟಿಂಗ್ ಥರ, ಅರ್ಧ ಸ್ಟಾರಿಂದ ಐದು ಸ್ಟಾರು. ಸಕ್ಕರೆ ನೀರಿಗೆ ಎಷ್ಟೇ ಕಮ್ಮಿ ಕೊಟ್ರೂ ಅರ್ಧ ಸ್ಟಾರ್ ಅಂತೂ ಬೀಳತ್ತಲ್ಲ, ಸ್ಟಾರ್ ಅಂದ್ರೆ ನಮ್ಮ ಮಕ್ಕಳಿಗೆ ಹೋಮ್‌ವರ್ಕ್ ಚೆನ್ನಾಗಿ ಮಾಡಿದ್ದಕ್ಕೆ ಮಿಸ್ ಹಾಕಿ ಕೊಡೋದು. ಶಾಲೆ ಗೇಟಿಂದ 50 ಮೀಟರ್ ಒಳಗೆ ಇಂಥದ್ದು ಮಾರಬಾರದು ಅನ್ನೋ ನಿಯಮಾನೂ 2020ರಲ್ಲೇ ಬಂದಿದೆ. ಹಳ್ಳೀಲಿ 50 ಮೀಟರ್ ಬಿಟ್ಟು ಅಂಗಡಿ ಹುಡುಕೋಕೆ ಊರಾಚೆಗೇ ಹೋಗಬೇಕು, ಅದರ ಬಗ್ಗೆ ಇಷ್ಟು ಸಾಕು.

ಅಕ್ಕನ್ನ ಒಂದ್ಸಲ ಕೇಳಿದೆ, ಫ್ರಿಡ್ಜಲ್ಲಿ ಮಜ್ಜಿಗೆ ಪ್ಯಾಕೆಟ್ ಮುಂದಿಡು, ಎಳನೀರು ಇಡು ಅಂತ. ನಕ್ಕಳು. ಗಾಜಿನ ಬಾಗಿಲ ಫ್ರಿಡ್ಜು ಕಂಪ್ನಿಯೋರು ಕೊಟ್ಟಿರೋದು, ಅದರಲ್ಲಿ ಅವರ ಬಾಟ್ಲೇ ಇರಬೇಕು, ಲೈನಿಗೆ ಬರೋ ಹುಡುಗ ಫೋಟೊ ಹೊಡ್ಕೊಂಡು ಹೋಗ್ತಾನೆ. ಮಜ್ಜಿಗೆ ಹಳೇ ಫ್ರಿಡ್ಜಲ್ಲಿ, ಒಳಗೆ, ಹಾಲಿನ ಜೊತೆ. ಕೇಳಿದೋರಿಗೆ ಮಾತ್ರ ಕೊಡೋದು. ಕರೆಂಟ್ ಬಿಲ್ ಅವಳದ್ದು, ಫ್ರಿಡ್ಜ್ ಅವರದ್ದು, ಮುಂದಿನ ಸಾಲು ಯಾರದ್ದು ಅಂತ ಹೇಳಬೇಕಾಗಿಲ್ಲ. ಮನೆಗಳು ಏನು ಕೊಳ್ತವೆ ಅನ್ನೋ ಅಧ್ಯಯನ ಮಾಡೋರು ಈ ಫ್ರಿಡ್ಜನ್ನೂ ಒಂದು ಕಾಲಮ್ ಮಾಡಬೇಕು.

ಗಡಿ ಜಿಲ್ಲೆಯೋರಿಗೆ ತೆರಿಗೆ ಅಂದ ತಕ್ಷಣ ಬರೋ ಯೋಚನೆ, ಆ ಕಡೆ ಹೋಗಿ ತಂದ್ರಾಯ್ತು. ಅಮೆರಿಕದ ಫಿಲಡೆಲ್ಫಿಯಾ ಊರಲ್ಲಿ 2017ರಲ್ಲಿ ಸಿಹಿ ಪಾನೀಯಕ್ಕೆ ತೆರಿಗೆ ಹಾಕಿದಾಗ ಹಂಗೇ ಆಯ್ತು, ಊರೊಳಗೆ ದೊಡ್ಡ ಅಂಗಡಿಗಳಲ್ಲಿ ಆ ಪಾನೀಯಗಳ ವ್ಯಾಪಾರ ಶೇಕಡ 51 ಬಿತ್ತು, ಅದರಲ್ಲಿ ಒಂದಷ್ಟು ಪಕ್ಕದ ಊರುಗಳ ಅಂಗಡಿಗೆ ಹೋಯ್ತು, ಅದನ್ನ ಕಳೆದ್ರೂ 38 ನಿಕ್ಕಿ ಇಳಿಕೆ. ನಮಗೆ ಪೆಟ್ರೋಲು, ಎಣ್ಣೆ ವಿಷಯದಲ್ಲಿ ಈ ಓಡಾಟ ಗೊತ್ತು. ಜಿಎಸ್‌ಟಿ ಮಾತ್ರ ನಮ್ಮ ಮುಳಬಾಗಿಲಲ್ಲೂ ಆಂಧ್ರದ ಪಲಮನೇರಲ್ಲೂ ಒಂದೇ, ಹಾಗಾಗಿ ಬದಲಾವಣೆ ಏನಿದ್ರೂ ಡೆಲ್ಲೀಲೇ ಆಗಬೇಕು, ಇಲ್ಲಿನ ಎಂಎಲ್‌ಎ ಹತ್ರ ಅರ್ಜಿ ಹಿಡ್ಕೊಂಡು ಹೋಗಿ ಪ್ರಯೋಜನ ಇಲ್ಲ.

ಇಷ್ಟೆಲ್ಲ ಕ್ಲಾಸಲ್ಲಿ ಹೇಳಿ, ಗ್ಯಾಸ್ ನೋಡಬೇಡಿ ಸಕ್ಕರೆ ಗ್ರಾಂ ನೋಡಿ ತೆರಿಗೆ ಹಾಕಿ, ಮಾವಿನ ಡ್ರಿಂಕೂ ಅದರಲ್ಲೇ ಬರಲಿ ಅಂತ ನಾನು ಅಂದಿದ್ದಕ್ಕೆ ಹಿಂದಿನ ಬೆಂಚಿಂದ ಒಬ್ಬ ಹುಡುಗ ಎದ್ದ. ಶ್ರೀನಿವಾಸಪುರದ ಕಡೆಯೋನು, ಮನೇಲಿ ಮಾವಿನ ತೋಟ. "ಸಾರ್, ಹಂಗಾದ್ರೆ ನಮ್ ತೋತಾಪುರಿ ಯಾರು ತಗೋತಾರೆ?"

ಅವನ ಪ್ರಶ್ನೆ ಹಗುರದ್ದಲ್ಲ. ಬಾದಾಮಿ, ರಸಪುರಿ ತಿನ್ನೋಕೆ ಹೋಗತ್ತೆ, ತೋತಾಪುರಿ ಹೋಗೋದೇ ಪಲ್ಪ್ ಫ್ಯಾಕ್ಟರಿಗೆ, ಅಲ್ಲಿಂದ ಈ ಪ್ಯಾಕೆಟ್ಟುಗಳಿಗೆ. ನಮ್ಮ ಕಡೆ ಹಣ್ಣು ಹೆಚ್ಚಾಗಿ ಗಡಿ ದಾಟಿ ಚಿತ್ತೂರು ಕಡೆ ಫ್ಯಾಕ್ಟರಿಗೆ ಹೋಗತ್ತೆ. 2025ರ ಜೂನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರಗಿನ ತೋತಾಪುರಿ ಬರೋದು ಬೇಡ ಅಂತ ತಡೆದಾಗ ರೇಟು ನೆಲ ಕಚ್ತು, ಹಣ್ಣು ರಸ್ತೆಗೆ ಸುರಿದ್ರು, ನಮ್ಮ ಮುಖ್ಯಮಂತ್ರಿ ಆಂಧ್ರದೋರಿಗೆ ಪತ್ರ ಬರೆದ್ರು, ಕೊನೆಗೆ ಕೇಂದ್ರದೋರು ಕ್ವಿಂಟಾಲಿಗೆ 1,616 ರೂಪಾಯಿ ಲೆಕ್ಕ ಹಿಡಿದು ಎರಡೂವರೆ ಲಕ್ಷ ಟನ್ನಿಗೆ ಬೆಲೆ ವ್ಯತ್ಯಾಸ ಕೊಡೋಕೆ ಒಪ್ಪಿದ್ರು. ಜ್ಯೂಸಿಗೆ 5 ಪರ್ಸೆಂಟ್ ಇರಲಿ ಅನ್ನೋರು ರೈತರ ಹೆಸರು ಹೇಳೋದು ಇದಕ್ಕೇ.

ಆದ್ರೆ ಅದೇ ರೈತರ ಪರವಾಗಿ ಪ್ಯಾಕೆಟ್ ಒಳಗೆ ಇಣುಕಿ. ಕಾನೂನು ಪ್ರಕಾರ ಹಣ್ಣಿನ ಪಾನೀಯ ಅನ್ನಿಸ್ಕೊಳ್ಳೋಕೆ ಹಣ್ಣು ಕನಿಷ್ಠ ಶೇಕಡ 10 ಇದ್ರೆ ಸಾಕು, ನಿಂಬೆ ಆದ್ರೆ 5. ಕೆಲವು ಕಂಪ್ನಿ ಜಾಸ್ತೀನೇ ಹಾಕ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಕನಿಷ್ಠಕ್ಕೆ ನಿಂತೋನ ಲೀಟರಲ್ಲಿ ಮಾವು 100 ಗ್ರಾಂ, ಸಕ್ಕರೆ 130, ಮಿಕ್ಕಿದ್ದು ನೀರು. ಕೋಲಾರದ ತೋತಾಪುರಿಗಿಂತ ಮಂಡ್ಯದ ಕಬ್ಬೇ ಜಾಸ್ತಿ ಕುಡೀತಿದೀವಿ. 5 ಪರ್ಸೆಂಟಿನ ರಿಯಾಯಿತಿ ಹಣ್ಣಿನ ಹೆಸರಲ್ಲಿ ಹೋಗ್ತಿದೆ, ಹಣ್ಣಿಗೆ ಹೋಗ್ತಿಲ್ಲ.

ಹುಡುಗ ಒಪ್ಪಲಿಲ್ಲ. "ನಮ್ಮಪ್ಪನಿಗೆ ನೀವೇ ಬಂದು ಹೇಳಿ ಸಾರ್" ಅಂದ. ಆ ಭಾನುವಾರ ಅಕ್ಕನ ಮನೆಗೆ ಹೋದೋನು ಅವರ ತೋಟಕ್ಕೂ ಹೋದೆ. ಅವರಪ್ಪ ಪೂರ್ತಿ ಕೇಳಿಸ್ಕೊಂಡ್ರು, ಬ್ರಿಟನ್ನು, ಗ್ರಾಂ, ಎಲ್ಲ. ಆಮೇಲೆ ಕೇಳಿದ್ರು, "ಅಲ್ಲ ಮೇಷ್ಟ್ರೇ, ಸಕ್ಕರೆ ಕಮ್ಮಿ ಮಾಡಿಸ್ತೀರ, ಸರಿ. ಆ ಜಾಗಕ್ಕೆ ಹಣ್ಣು ಹಾಕ್ತಾರೋ ನೀರು ಹಾಕ್ತಾರೋ?"

ನಂಗೆ ಆ ಪ್ರಶ್ನೆ ಯಾವ ಪೇಪರಲ್ಲೂ ಸಿಕ್ಕಿರಲಿಲ್ಲ. ನೀರೇ ಹಾಕ್ತಾರೆ, ಇಲ್ಲಾ ಸುಕ್ರಲೋಸ್ ಅನ್ನೋ ಕೃತಕ ಸಿಹಿ ಹಾಕ್ತಾರೆ, ಬಿಟ್ರೆ ಹಾಕೋದೇ ಅದು. ಹಾಗಾಗಿ ಸಕ್ಕರೆ ಗ್ರಾಮಿಗೆ ಏಣಿ ಮೆಟ್ಟಿಲು ಥರ ತೆರಿಗೆ ಹಾಕೋದು ಅರ್ಧ ಕೆಲಸ, 5 ಪರ್ಸೆಂಟ್ ಸ್ಲ್ಯಾಬ್ ಬೇಕು ಅನ್ನೋನು ಪಲ್ಪ್ 10ರಿಂದ ಇಪ್ಪತ್ತೋ ಇಪ್ಪತ್ತೈದೋ ಆಗಲೇಬೇಕು, ಹೊರಗಿಂದ ಹಾಕಿದ ಸಕ್ಕರೆ ಮಿತಿಯೊಳಗೇ ಇರಬೇಕು ಅಂತ ಎರಡೂ ಷರತ್ತು ಒಟ್ಟಿಗೆ ಬರೀಬೇಕು. ಒಂದೇ ಬರೆದ್ರೆ ಕಂಪ್ನಿಯೋರು ಇನ್ನೊಂದರಲ್ಲಿ ನುಸುಳ್ತಾರೆ. ಅವರಿಗೆ ಇದನ್ನ ಹೇಳಿದ್ದಕ್ಕೆ, ಇಪ್ಪತ್ತೈದು ಅಂತಾನೇ ಬರೀರಿ, ಇಪ್ಪತ್ತು ಅಂದ್ರೆ ಅವರು ಹದಿನೈದಕ್ಕೆ ಇಳಿಸ್ತಾರೆ ಅಂದ್ರು, ಮಂಡಿಯಲ್ಲಿ ರೇಟು ಕೇಳೋ ಅಭ್ಯಾಸ. ಇಪ್ಪತ್ತೈದು ಅಂತ ಬರ್ಕೊಂಡಿದೀನಿ.